ಸಾಲಿನ ಕೊನೆಯವರು: ಯರಗೇರಾ ಸೀಮೆಯಲ್ಲಿ ‘ದುರ್ಬಲ’ ಎಂಬ ಮಾತು

ಸರ್ಕಾರಿ ಕಡತಗಳಲ್ಲಿ ‘ದುರ್ಬಲ ವರ್ಗ’ ಎಂಬ ಮಾತು ಸಿಗದ ಪುಟ ಅಪರೂಪ. ದುರ್ಬಲ ವರ್ಗಗಳ, ಅದರಲ್ಲೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಶಿಕ್ಷಣ ಮತ್ತು ಆರ್ಥಿಕ ಹಿತ ಕಾಯುವುದು ರಾಜ್ಯದ ಕರ್ತವ್ಯ ಎಂದು ಸಂವಿಧಾನದ 46ನೇ ವಿಧಿ ಹೇಳುತ್ತದೆ. ಚುನಾವಣೆ ಬಂದಾಗ ಇದೇ ಅರ್ಥದ ಇನ್ನೊಂದು ಮಾತು ‘ಸೂಕ್ಷ್ಮ ಮತಗಟ್ಟೆ’ಯಾಗಿ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳ ಯೋಜನೆಗಳ ಹಳೆಯ ಭಾಷಣಗಳಲ್ಲಿ ಅದು ‘ಅಬಲೆ’. ಪಿಂಚಣಿ ಅರ್ಜಿಯಲ್ಲಿ ‘ನಿರ್ಗತಿಕ’. ವಿಪತ್ತು ನಿರ್ವಹಣೆಯ ಕೈಪಿಡಿಗಳಲ್ಲಿ ‘ಅಪಾಯಕ್ಕೆ ಈಡಾಗಬಲ್ಲ ಸಮುದಾಯ’.

ರಾಯಚೂರು ಜಿಲ್ಲೆಯ ಯರಗೇರಾದ ಬಸ್‌ ನಿಲ್ದಾಣದಲ್ಲೋ ಮಾನ್ವಿಯ ಸಂತೆಯಲ್ಲೋ ದೇವದುರ್ಗದ ತಹಶೀಲ್ದಾರ್ ಕಚೇರಿಯ ಮುಂದಿನ ಮರದ ಕೆಳಗೋ ಈ ಯಾವ ಮಾತೂ ಕೇಳಿಸುವುದಿಲ್ಲ. ಅಲ್ಲಿ ಜನ ಆಡುವುದೇ ಬೇರೆ: ‘ಹಿಂದ ಮುಂದ ಯಾರೂ ಇಲ್ಲ’, ‘ದಿಕ್ಕು ದೆಸಿ ಇಲ್ಲದಂಗ ಆಗ್ಯಾದ’, ‘ಗತಿ ಇಲ್ರಿ’. ಉರ್ದುವಿನಿಂದ ಬಂದ ‘ಲಾಚಾರ’ ಕೂಡ ಇಲ್ಲಿನ ಹಿರಿಯರ ಬಾಯಲ್ಲಿ ಉಳಿದಿದೆ. ಕಡತದ ಪದ ಒಬ್ಬ ಮನುಷ್ಯನಲ್ಲಿ ಬಲ ಕಡಿಮೆ ಇದೆ ಎನ್ನುತ್ತದೆ. ಜನರ ಮಾತು ಅವನ ಹಿಂದೆ ಮುಂದೆ ಯಾರೂ ನಿಂತಿಲ್ಲ ಎನ್ನುತ್ತದೆ. ಮೊದಲನೆಯದನ್ನು ನಂಬಿದರೆ ಪರಿಹಾರ ದಾನವಾಗುತ್ತದೆ. ಎರಡನೆಯದನ್ನು ನಂಬಿದರೆ ಅದು ಯಾರೋ ಮಾಡಬೇಕಾಗಿದ್ದ, ಮಾಡದೆ ಬಿಟ್ಟ ಕರ್ತವ್ಯವಾಗುತ್ತದೆ. ಈ ಸೀಮೆಯ ನೆಲ, ನೀರು, ದುಡಿಮೆ, ಕೂಸುಗಳ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಜನರ ಮಾತೇ ನಿಜಕ್ಕೆ ಹತ್ತಿರ ಎಂಬುದು ಈ ಲೇಖನದ ವಾದ. ಇಲ್ಲಿನವರಿಗೆ ಬಲ ಇಲ್ಲದೆ ಇಲ್ಲ. ಅವರನ್ನು ಪ್ರತಿಯೊಂದು ಸಾಲಿನಲ್ಲೂ ಕೊನೆಗೆ ನಿಲ್ಲಿಸಲಾಗಿದೆ.

ಎರಡು ಹೊಳೆಗಳ ನಡುವಿನ ನೆಲ

ರಾಯಚೂರಿನಿಂದ ಮಂತ್ರಾಲಯದ ಕಡೆ ಹೋಗುವ ರಸ್ತೆಯಲ್ಲಿ ಯರಗೇರಾ ಇದೆ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಇವೆರಡರ ನಡುವಿನ ಈ ದೋಆಬಿಗಾಗಿ ರಾಜರು ಶತಮಾನಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದು ಅದರಲ್ಲಿ ಹೆಸರಾದ ಪ್ರಸಂಗ. ಯಾರು ಗೆದ್ದರೂ ಸುಂಕ ಕೊಟ್ಟವರು ಇಲ್ಲಿನ ಒಕ್ಕಲಿಗರು. ಆಮೇಲೆ ನಿಜಾಮರ ಆಳ್ವಿಕೆ, 1948ರ ಪೊಲೀಸ್ ಕಾರ್ಯಾಚರಣೆ, 1956ರಲ್ಲಿ ಏಕೀಕರಣ. ಮೈಸೂರು ಸೀಮೆಯಲ್ಲಿ ಶಾಲೆ, ರಸ್ತೆ, ಕೆರೆ, ಕೈಗಾರಿಕೆಗಳು ಅರ್ಧ ಶತಮಾನ ಮೊದಲೇ ಬೇರುಬಿಟ್ಟಿದ್ದವು. ಈ ಭಾಗ ಬರಿಗೈಯಲ್ಲಿ ಬಂದು ಆ ರಾಜ್ಯವನ್ನು ಸೇರಿತು.

ಆ ಅಂತರ ಎಷ್ಟು ಆಳದ್ದು ಎಂಬುದನ್ನು ಒಂದರ ಮೇಲೊಂದು ವರದಿ ಹೇಳಿವೆ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಆ ಪಟ್ಟಿಯ ತೀರಾ ತಳದಲ್ಲಿದ್ದದ್ದು ದೇವದುರ್ಗ. 2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿಯಲ್ಲಿ 27 ಜಿಲ್ಲೆಗಳ ಪೈಕಿ ರಾಯಚೂರಿಗೆ ಕೊನೆಯ ಸ್ಥಾನ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 60ರಷ್ಟು. ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ. 2018ರಲ್ಲಿ ನೀತಿ ಆಯೋಗ ದೇಶದ ಮಹತ್ವಾಕಾಂಕ್ಷಿ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ್ದು ಎರಡೇ: ಯಾದಗಿರಿ ಮತ್ತು ರಾಯಚೂರು. ಅದೇ ಆಯೋಗ 2021ರಲ್ಲಿ ಪ್ರಕಟಿಸಿದ ಬಹು ಆಯಾಮದ ಬಡತನ ಸೂಚ್ಯಂಕದ ಪ್ರಕಾರ ರಾಯಚೂರು ಜಿಲ್ಲೆಯ ಸುಮಾರು ಮೂರನೇ ಒಂದು ಭಾಗ ಜನ ಬಡವರು.

ಇದೇ ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವಿದೆ. 1980ರ ದಶಕದಿಂದ ಅದು ರಾಜ್ಯದ ದೀಪ ಉರಿಸುತ್ತಿದೆ. ಇದೇ ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ಸಿಂಧನೂರಿನ ಅಕ್ಕಿ, ರಾಯಚೂರು ಮಾರುಕಟ್ಟೆಯ ಹತ್ತಿ ದೂರದೂರಕ್ಕೆ ಹೋಗುತ್ತವೆ. ಬೆಳಕು, ಬಂಗಾರ, ಅನ್ನ, ಬಟ್ಟೆ ನಾಲ್ಕನ್ನೂ ಕೊಡುವ ನೆಲವನ್ನು ಬಲವಿಲ್ಲದ ನೆಲ ಎಂದು ಕರೆಯುವುದು ಹೇಗೆ?

ಕಾಲುವೆಯ ಕೊನೆಭಾಗ

ಇದಕ್ಕೆ ಉತ್ತರ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಸಿಗುತ್ತದೆ. 1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಜಂಟಿಯಾಗಿ ಶುರುಮಾಡಿದ ಅಣೆಕಟ್ಟು 1953ರ ಹೊತ್ತಿಗೆ ಎದ್ದು ನಿಂತಿತು. ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಹರಿದು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳಲ್ಲಿ ಮುಗಿಯುತ್ತದೆ. ಬರದ ನಾಡಿಗೆ ರಕ್ಷಣೆ ಕೊಡುವುದೇ ಅದರ ಮೂಲ ಉದ್ದೇಶ. ಸ್ವಲ್ಪ ನೀರನ್ನು ಹೆಚ್ಚು ಎಕರೆಗೆ ಹಂಚಿ ಜೋಳ, ಹತ್ತಿ, ಶೇಂಗಾ ಉಳಿಸಿಕೊಳ್ಳುವಂತೆ ಲೆಕ್ಕ ಹಾಕಲಾಗಿತ್ತು. ಭತ್ತಕ್ಕೆ ಇಟ್ಟಿದ್ದ ಪಾಲು ಚಿಕ್ಕದು.

ಆದದ್ದು ಬೇರೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಎರಡು ಬೆಳೆ ರೂಢಿಯಾಯಿತು, ಕಾಲುವೆಗೆ ಪಂಪು, ಪೈಪು ಹಚ್ಚಿ ಅನಧಿಕೃತವಾಗಿ ನೀರೆತ್ತುವುದು ನಡೆಯಿತು. ಇದೇ ಕಾಲುವೆಯ ರಾಜಕಾರಣವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಡಚ್ ವಿದ್ವಾಂಸ ಪೀಟರ್ ಮೊಲಿಂಗಾ, ನೀರಿನ ಹಂಚಿಕೆ ಗೇಟಿನ ಅಳತೆಗಿಂತ ಜನರ ಪ್ರಭಾವದ ಅಳತೆಯಲ್ಲಿ ನಡೆಯುವ ಬಗೆಯನ್ನು ವಿವರವಾಗಿ ತೋರಿಸಿದ್ದಾರೆ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಮೊದಲಿನ 133 ಟಿಎಂಸಿಯಿಂದ ಈಗ 105ರ ಆಸುಪಾಸಿಗೆ ಇಳಿದಿದೆ. ಕಡಿಮೆಯಾದ ನೀರು ಎಲ್ಲರಿಗೂ ಸಮನಾಗಿ ಕಡಿಮೆಯಾಗುವುದಿಲ್ಲ. ಮೊದಲು ಒಣಗುವುದು ಕೊನೆಯ ಉಪಕಾಲುವೆ.

‘ಕೊನೆಭಾಗದ ರೈತರು’ ಎಂಬ ಮಾತು ಹುಟ್ಟಿದ್ದು ಹೀಗೆ. ರಾಯಚೂರು ಜಿಲ್ಲೆಯ ಪತ್ರಿಕೆಗಳಲ್ಲಿ ಪ್ರತಿ ಹಂಗಾಮಿನಲ್ಲೂ ಅದು ಬರುತ್ತದೆ: ಕೊನೆಭಾಗಕ್ಕೆ ನೀರು ಹರಿಸಲು ಆಗ್ರಹ, ಹೆದ್ದಾರಿ ತಡೆ, ಗೇಜ್ (ಕಾಲುವೆಯ ನೀರಿನ ಮಟ್ಟ) ಕಾಯ್ದುಕೊಳ್ಳಲು ಒತ್ತಾಯ. ನಾನು ಕೇಳಿದ ಕನ್ನಡದ ಮಾತುಗಳಲ್ಲಿ ದುರ್ಬಲತೆಯನ್ನು ಇಷ್ಟು ನಿಖರವಾಗಿ ಹಿಡಿದಿಡುವ ಮಾತು ಇನ್ನೊಂದಿಲ್ಲ. ಕೊನೆಭಾಗದ ರೈತನ ಹೊಲ ಎರೆಭೂಮಿ, ತೋಳಿನಲ್ಲಿ ಕಸುವಿದೆ, ಬೇಸಾಯದ ಅರಿವು ಮೇಲಿನವನಿಗಿಂತ ಕಡಿಮೆಯಿಲ್ಲ. ಅವನ ಕೊರತೆ ಒಂದೇ: ಅವನಿಗಿಂತ ಮೇಲೆ ಇದ್ದವರು ತೆಗೆದುಕೊಂಡು ಉಳಿದದ್ದು ಮಾತ್ರ ಅವನಿಗೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಹೊಸಪೇಟೆಯಲ್ಲಿ ಹೊಳೆಪಾಲಾದ ನೀರನ್ನು ನೆನೆದು ಹೆಚ್ಚು ಕಂಗೆಟ್ಟವರಲ್ಲಿ ಅಷ್ಟು ದೂರದ ಮಾನ್ವಿ, ರಾಯಚೂರಿನ ರೈತರೂ ಇದ್ದರು. ಯಾರದೋ ನಿರ್ವಹಣೆಯ ಲೋಪ ತನ್ನ ಹೊಲದವರೆಗೆ ಬಂದು ತಟ್ಟುತ್ತದೆ. ತನ್ನ ದನಿ ಅಲ್ಲಿವರೆಗೆ ಮುಟ್ಟುವುದಿಲ್ಲ. ದುರ್ಬಲತೆಯ ಲಕ್ಷಣ ಇದೇ.

ಬರ, ಪರಿಹಾರ, ಗುಳೆ

ಕಾಲುವೆ ಮುಟ್ಟದ ಹೊಲಗಳು ಮಳೆಯನ್ನೇ ನಂಬಬೇಕು. ತೊಗರಿ, ಹತ್ತಿ, ಸಜ್ಜೆ ಹಾಕಿದ ಮನೆಗೆ ಒಂದು ತಿಂಗಳು ಮಳೆ ಕೈಕೊಟ್ಟರೆ ಸಾಕು. 2023ರ ಮುಂಗಾರು ಹಾಗೆ ಕೈಕೊಟ್ಟ ಹಂಗಾಮು. ರಾಜ್ಯ ಸರ್ಕಾರ ಸೆಪ್ಟೆಂಬರ್‌ನಿಂದ ಹಂತಹಂತವಾಗಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಕೇಂದ್ರದ ನೆರವಿಗಾಗಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾದದ್ದು 2024ರ ಏಪ್ರಿಲ್‌ನಲ್ಲಿ. ಬೆಳೆ ಒಣಗಿದ ತಿಂಗಳಿಗೂ ಹಣ ಬಂದ ತಿಂಗಳಿಗೂ ನಡುವೆ ಒಂದು ದೀಪಾವಳಿ, ಒಂದು ಸಂಕ್ರಾಂತಿ, ಒಂದು ಯುಗಾದಿ ಕಳೆದಿದ್ದವು.

ಆ ಹಣವೂ ಎಷ್ಟು? ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಸೀಮಿತವಾಗಿತ್ತು. ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಅದು ಬೀಳುತ್ತದೆ. ಲೀಸಿಗೆ ಹೊಲ ಹಿಡಿದು ಬಿತ್ತಿದವರಿಗೆ, ಪಾಲಿಗೆ ಮಾಡಿದವರಿಗೆ, ಅದೇ ಹೊಲದಲ್ಲಿ ಕಳೆ ತೆಗೆಯುವ ಕೂಲಿ ಕಳೆದುಕೊಂಡ ಹೆಣ್ಣುಮಗಳಿಗೆ ಅದರಲ್ಲಿ ಪಾಲಿಲ್ಲ. ನಷ್ಟ ಹೆಚ್ಚು ತಿಂದವರೇ ಪಟ್ಟಿಯ ಹೊರಗೆ ಉಳಿಯುತ್ತಾರೆ.

ಆಗ ಮನೆಗೆ ಬೀಗ ಬೀಳುತ್ತದೆ. ‘ದುಡಿಲಿಕ್ಕ ಹೋಗ್ಯಾರ’ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಗುಳೆ ಈ ಸೀಮೆಗೆ ಹೊಸದಲ್ಲ. ಈಚೆಗೆ ಅದರ ದಿಕ್ಕು ಹೆಚ್ಚಾಗಿ ಬೆಂಗಳೂರು. ಅಪಾರ್ಟ್‌ಮೆಂಟುಗಳ ಪಾಯದ ಪಕ್ಕದ ತಗಡಿನ ಶೆಡ್ಡುಗಳಲ್ಲಿ ದೇವದುರ್ಗ, ಮಾನ್ವಿ, ಸಿರವಾರದ ಮಾತು ಕೇಳಿಸುತ್ತದೆ. ಮೊಹರಂಗೋ ಊರ ಜಾತ್ರೆಗೋ ಅವರು ಮರಳುತ್ತಾರೆ. ನಡುವಿನ ತಿಂಗಳುಗಳಲ್ಲಿ ಅವರು ಎಲ್ಲಿಯೂ ಪೂರ್ತಿಯಾಗಿ ಲೆಕ್ಕಕ್ಕಿಲ್ಲ. ಊರಿನ ಅಂಗನವಾಡಿಯ ದಾಖಲೆಯಲ್ಲಿ ಕೂಸಿನ ಹೆಸರಿದೆ, ಕೂಸಿಲ್ಲ. ಬೆಂಗಳೂರಿನ ಶೆಡ್ಡಿನಲ್ಲಿ ಕೂಸಿದೆ, ಹೆಸರಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ತೊಂಬತ್ತು ದಿನ ದುಡಿದ ಪತ್ರ ಬೇಕು. ಮೇಸ್ತ್ರಿ ಬದಲಾದಾಗಲೆಲ್ಲ ಆ ಪತ್ರ ಕೊಡುವವರು ಸಿಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಈ ಹೆಸರಿಲ್ಲದ ಬದುಕು ಇಡೀ ನಾಡಿಗೆ ಕಾಣಿಸಿತು. ಮೇ ಮೊದಲ ವಾರದಲ್ಲಿ ಉಚಿತ ಬಸ್ಸು ಬಿಡುವ ಹೊತ್ತಿಗೆ ಗಂಟು ಹೊತ್ತು ನಡೆದು ಹೊರಟವರು ಎಷ್ಟೋ ಮಂದಿ.

ಗುಳೆ ತಡೆಯಲೆಂದೇ ಬಂದದ್ದು ಉದ್ಯೋಗ ಖಾತ್ರಿ ಕಾಯ್ದೆ. 2005ರ ಆ ಕಾಯ್ದೆ 2006ರ ಫೆಬ್ರುವರಿಯಲ್ಲಿ ಮೊದಲ ಹಂತದಲ್ಲೇ ಜಾರಿಯಾದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಕೆರೆ ಹೂಳು, ಬದು, ಕೃಷಿಹೊಂಡದ ಕೆಲಸ ಸಿಕ್ಕ ಊರುಗಳಲ್ಲಿ ಹೆಣ್ಣು–ಗಂಡಿಗೆ ಸಮಾನ ಕೂಲಿ ಎಂಬುದು ಮೊದಲ ಸಲ ಕೈಗೆ ಬಂದ ಹಕ್ಕು. ಆದರೆ ಕೆಲಸ ಕೇಳಿದಾಗ ಕೊಡುವುದು, ದುಡಿದ ಕೂಲಿಯನ್ನು ಗಡುವಿನೊಳಗೆ ಪಾವತಿಸುವುದು, ಇವೆರಡೂ ಕಾಯ್ದೆಯ ಮಾತಾಗಿದ್ದರೂ ಊರಲ್ಲಿ ಹೋರಾಡಿ ಪಡೆಯಬೇಕಾದ ಸಂಗತಿಗಳಾಗಿ ಉಳಿದವು. ಕೂಲಿ ತಡವಾದ ವಾರಗಳನ್ನು ತುಂಬುವುದು ಸಾಲ. ಬ್ಯಾಂಕಿನಲ್ಲಿ ಒತ್ತೆಯಿಡಲು ಏನೂ ಇಲ್ಲದವರಿಗೆ ಮನೆಬಾಗಿಲಿಗೆ ಬರುವ ಮೈಕ್ರೋಫೈನಾನ್ಸ್ ಕಂಪನಿಯೇ ಗತಿ. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ, ಕಂತು ತಪ್ಪಿದರೆ ಓಣಿಯಲ್ಲಿ ಮಾನ ಹರಾಜು, ಊರು ಬಿಡುವ ಕುಟುಂಬ ಎಂಬ ಸುದ್ದಿಗಳು ರಾಜ್ಯದ ಹಲವು ಕಡೆಯಿಂದ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಬಂತು, ಮುಂದೆ ಅದು ಕಾಯ್ದೆಯಾಯಿತು. ಕಿರುಕುಳ ತಡೆಯುವುದು ಒಳ್ಳೆಯದೇ. ಸಾಲ ಮಾಡಲೇಬೇಕಾದ ಆ ವಾರಗಳು ಯಾಕೆ ಬರುತ್ತವೆ ಎಂಬ ಪ್ರಶ್ನೆಗೆ ಆ ಕಾಯ್ದೆಯಲ್ಲಿ ಉತ್ತರವಿಲ್ಲ.

ಕೂಸು, ತಾಯಿ

ಸಾಲಿನ ಕೊನೆಯಲ್ಲೂ ಒಂದು ಸಾಲಿದೆ. ಅದರ ತುದಿಯಲ್ಲಿ ಮಕ್ಕಳು. 2011ರಲ್ಲಿ ದೇವದುರ್ಗ ಸೀಮೆಯ ಅಪೌಷ್ಟಿಕ ಮಕ್ಕಳ ಸುದ್ದಿ ರಾಜ್ಯವನ್ನು ಬೆಚ್ಚಿಬೀಳಿಸಿತು. ಹೈಕೋರ್ಟ್ ಮಧ್ಯಪ್ರವೇಶಿಸಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು. ಆಮೇಲಿನ ವರ್ಷಗಳಲ್ಲಿ ಹಾಲು ಬಂತು, ಅಕ್ಕಿ ಬಂತು. 2017ರಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟದ ಮಾತೃಪೂರ್ಣ ಯೋಜನೆ ರಾಜ್ಯವಿಡೀ ಜಾರಿಯಾಯಿತು. 2021ರ ಡಿಸೆಂಬರ್‌ನಲ್ಲಿ ರಾಯಚೂರೂ ಸೇರಿ ಏಳು ಜಿಲ್ಲೆಗಳ ಶಾಲಾಮಕ್ಕಳ ತಟ್ಟೆಗೆ ಮೊಟ್ಟೆ ಬಂತು. ಈ ಹೆಜ್ಜೆಗಳು ಸಣ್ಣವಲ್ಲ. ಮೊಟ್ಟೆ ಬೇಡವೆಂದು ಮಠಾಧೀಶರಲ್ಲಿ ಕೆಲವರು ತಕರಾರು ತೆಗೆದಾಗ, ತಮಗೆ ಮೊಟ್ಟೆ ಬೇಕೇಬೇಕು ಎಂದು ಈ ಭಾಗದ ಮಕ್ಕಳೇ ದನಿಯೆತ್ತಿದ್ದನ್ನು ನಾವು ಮರೆಯಬಾರದು.

ಆದರೂ ಯೋಜನೆ ಮತ್ತು ತುತ್ತಿನ ನಡುವೆ ಅಂತರ ಉಳಿದಿದೆ. ಗರ್ಭಿಣಿ ಮಧ್ಯಾಹ್ನ ಅಂಗನವಾಡಿಗೆ ಬಂದು ಉಣ್ಣಬೇಕು. ಆ ಹೊತ್ತಿಗೆ ಅವಳು ಊರಾಚೆ ಹತ್ತಿ ಬಿಡಿಸುತ್ತಿರುತ್ತಾಳೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಬೆಳಗಿನ ಟಂಟಂಗಳಲ್ಲಿ ತಾಯಂದಿರ ಜೊತೆ ಶಾಲೆಯ ವಯಸ್ಸಿನ ಹುಡುಗಿಯರೂ ಇರುತ್ತಾರೆ. ಹತ್ತು ವರ್ಷದ ಹುಡುಗಿ ತಮ್ಮನನ್ನು ಕಂಕುಳಲ್ಲಿ ಹೊತ್ತು ಹೊಲದ ಬದುವಿನಲ್ಲಿ ಕೂತರೆ ಅವಳ ಶಾಲೆ ಅಲ್ಲಿಗೆ ಮುಗಿಯುತ್ತದೆ, ಅವಳ ಮದುವೆ ಬೇಗ ಆಗುತ್ತದೆ, ಅವಳ ಕೂಸು ಕಡಿಮೆ ತೂಕದಲ್ಲಿ ಹುಟ್ಟುತ್ತದೆ. ದುರ್ಬಲತೆ ರಕ್ತದಲ್ಲಿ ಬರುವುದಿಲ್ಲ. ಹೀಗೆ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ.

ದೇವದಾಸಿ ಪದ್ಧತಿಯಿಂದ ನೊಂದ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. 1982ರಲ್ಲೇ ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯ್ದೆ ಬಂತು. ಸರ್ಕಾರದ ಸಮೀಕ್ಷೆಗಳು ರಾಜ್ಯದ 14 ಜಿಲ್ಲೆಗಳಲ್ಲಿ 46,660 ಮಂದಿಯನ್ನು ಗುರುತಿಸಿದವು. ರಾಯಚೂರು ಅವುಗಳಲ್ಲಿ ಒಂದು. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರಿಗೆ ಪಿಂಚಣಿಯಿಲ್ಲ, ಮನೆಯಿಲ್ಲ. ಅವರ ಮಕ್ಕಳು ಪ್ರತಿ ಅರ್ಜಿಯಲ್ಲೂ ತಂದೆಯ ಹೆಸರಿನ ಕಲಂ ಮುಂದೆ ನಿಲ್ಲಬೇಕಾಗಿತ್ತು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಆ ಮಕ್ಕಳ ಹಕ್ಕನ್ನೂ ಪುನರ್ವಸತಿಯನ್ನೂ ಎತ್ತಿಕೊಂಡಿದೆ. ಮೊದಲ ಕಾಯ್ದೆಗೂ ಈ ಮಾತಿಗೂ ನಡುವೆ ನಾಲ್ಕು ದಶಕ ಕಳೆಯಿತು. ಆ ನಾಲ್ಕು ದಶಕ ಒಬ್ಬ ಹೆಣ್ಣುಮಗಳ ಇಡೀ ಬದುಕು.

ಹೊಳೆ ಪಕ್ಕದಲ್ಲಿದ್ದರೂ

ನೀರಿಲ್ಲದ ಕಷ್ಟದಂತೆ ನೀರು ಹೆಚ್ಚಾದ ಕಷ್ಟವೂ ಇಲ್ಲಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಪೂರದಲ್ಲಿ ತುಂಗಭದ್ರೆ ಮಂತ್ರಾಲಯವನ್ನೇ ಮುಳುಗಿಸಿತು. ಈಚೆ ದಂಡೆಯ ರಾಯಚೂರು, ಮಾನ್ವಿ ತಾಲ್ಲೂಕಿನ ಹೊಳೆಸಾಲಿನ ಊರುಗಳೂ ನೊಂದವು. ಸರ್ಕಾರ ‘ಆಸರೆ’ ಹೆಸರಲ್ಲಿ ದಾನಿಗಳ ನೆರವಿನಿಂದ ನವಗ್ರಾಮಗಳನ್ನು ಕಟ್ಟಿತು. ದನ ಕಟ್ಟಲು ಜಾಗವಿಲ್ಲದ, ಹೊಲದಿಂದ ದೂರದ ಮನೆಗಳಿಗೆ ಎಷ್ಟೋ ಕಡೆ ಜನ ಹೋಗಲಿಲ್ಲ. ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕುರ್ದಾ, ಕುರ್ವಕುಲಾ ಊರಿನವರು ನಾರಾಯಣಪುರದಿಂದ ನೀರು ಬಿಟ್ಟಾಗಲೆಲ್ಲ ಹೊರಜಗತ್ತಿನಿಂದ ಕಡಿದುಹೋಗುತ್ತಾರೆ. ಬಸುರಿಗೆ ನೋವು ಬಂದರೆ, ಹಾವು ಕಚ್ಚಿದರೆ ಸೆಳವಿನಲ್ಲೇ ಹರಿಗೋಲು ಹಾಕಬೇಕು.

ಇನ್ನು ಕುಡಿಯುವ ನೀರು. 2022ರ ಮೇ ಕೊನೆ, ಜೂನ್ ಮೊದಲ ದಿನಗಳಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ನೂರಾರು ಜನ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಮರುವರ್ಷ ಅದೇ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ವಾಂತಿಭೇದಿ. ಎರಡು ದೊಡ್ಡ ಹೊಳೆಗಳ ನಡುವಿನ ಜಿಲ್ಲೆಯಲ್ಲಿ ಒಂದು ಕೊಡ ಒಳ್ಳೆಯ ನೀರಿಗೆ ಜೀವ ತೆರಬೇಕಾಯಿತು. ಇದನ್ನು ಪ್ರಕೃತಿಯ ಮುನಿಸು ಎನ್ನಲಾಗದು. ಶುದ್ಧೀಕರಣ ಘಟಕವನ್ನು ಕಾಲಕಾಲಕ್ಕೆ ತೊಳೆಯುವುದು, ಒಡೆದ ಪೈಪು ಬದಲಿಸುವುದು ಮನುಷ್ಯರ ಕೆಲಸ.

ಲೋಕದ ಚಿಂತನೆ, ಇಲ್ಲಿನ ಉತ್ತರ

ದುರ್ಬಲತೆಯ ಪ್ರಶ್ನೆಯನ್ನು ಜಗತ್ತು ಬಹಳ ಕಾಲ ಬಡತನದ ಲೆಕ್ಕದಲ್ಲೇ ನೋಡಿತು. ಕ್ಷಾಮದಲ್ಲಿ ಜನ ಸಾಯುವುದು ಅನ್ನವಿಲ್ಲದ್ದರಿಂದಲ್ಲ, ಇರುವ ಅನ್ನದ ಮೇಲೆ ಅವರಿಗೆ ಹಕ್ಕಿಲ್ಲದ್ದರಿಂದ ಎಂದು ಅಮರ್ತ್ಯ ಸೇನ್ 1981ರಲ್ಲಿ ತೋರಿಸಿದರು. ಬಡತನ ಬೇರೆ, ದುರ್ಬಲತೆ ಬೇರೆ ಎಂದು ರಾಬರ್ಟ್ ಚೇಂಬರ್ಸ್ 1989ರಲ್ಲಿ ಬಿಡಿಸಿ ಹೇಳಿದರು: ಹೊರಗಿನ ಹೊಡೆತ ಒಂದು ಮುಖ, ಅದನ್ನು ತಾಳಿಕೊಳ್ಳುವ ಆಸರೆ ಇಲ್ಲದಿರುವುದು ಇನ್ನೊಂದು ಮುಖ. ಯರಗೇರಾ ಸೀಮೆಯ ಅಜ್ಜಿ ‘ಹಿಂದ ಮುಂದ ಯಾರೂ ಇಲ್ಲ’ ಎಂದಾಗ ಅವಳ ಮಾತಿನಲ್ಲಿ ಇವೆರಡೂ ಇವೆ.

ಇಲ್ಲಿನವರು ಸುಮ್ಮನೆ ಕೂತೂ ಇಲ್ಲ. ಪೋತ್ನಾಳದ ಜಾಗೃತ ಮಹಿಳಾ ಸಂಘಟನೆಯಲ್ಲಿ ದಲಿತ ಕೂಲಿಕಾರ ಹೆಣ್ಣುಮಕ್ಕಳು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಕೂಲಿ, ದೌರ್ಜನ್ಯ, ಮಕ್ಕಳ ಓದಿನ ಪ್ರಶ್ನೆಗಳನ್ನು ಎತ್ತಿದ್ದಾರೆ. ಸುಟ್ಟಮಣ್ಣಿನ ಆಭರಣ ಮಾಡಿ ತಮ್ಮದೇ ಆದಾಯ ಕಟ್ಟಿಕೊಂಡಿದ್ದಾರೆ. ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ ಖಾತ್ರಿ ಕೆಲಸದ ಅರ್ಜಿಗೆ ಸ್ವೀಕೃತಿ ರಸೀದಿ ಕೇಳುವುದನ್ನು ಊರೂರಲ್ಲಿ ಕಲಿಸಿದೆ. ಪ್ರಾದೇಶಿಕ ಹೋರಾಟದ ಫಲವಾಗಿ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂತು. 2013ರಿಂದ ಈ ಭಾಗದ ಮಕ್ಕಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಮತ್ತು ನೌಕರಿಯಲ್ಲಿ ಮೀಸಲು ಸಿಕ್ಕಿತು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ 13ರಂದು ಶುರುವಾದ ಧರಣಿ ಸಾವಿರ ದಿನ ದಾಟಿತು. ಯರಗೇರಾದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು ಇವತ್ತು ಮಹರ್ಷಿ ವಾಲ್ಮೀಕಿ ಹೆಸರಿನ ಸ್ವತಂತ್ರ ವಿಶ್ವವಿದ್ಯಾಲಯ. ಹೊಲದಿಂದ ನೇರ ಬಂದ ಮೊದಲ ತಲೆಮಾರಿನ ಹುಡುಗಿಯರು ಶಕ್ತಿ ಯೋಜನೆಯ ಬಸ್ಸಿನಲ್ಲಿ ದುಡ್ಡಿಲ್ಲದೆ ಅಲ್ಲಿಗೆ ಬಂದು ಓದಬಹುದು. ಬಲವಿಲ್ಲದವರು ಮಾಡುವ ಕೆಲಸಗಳಲ್ಲ ಇವು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಲೆಕ್ಕ ಹಾಕುವ ಬಗೆ ಬದಲಾಗಬೇಕು. ಎಷ್ಟು ಜನ ಬಡವರು ಎಂಬುದರ ಜೊತೆಗೆ ನೆರವು ಎಷ್ಟು ದಿನ ತಡವಾಯಿತು ಎಂಬುದನ್ನೂ ಪ್ರತಿ ಪಂಚಾಯಿತಿಯಲ್ಲಿ ಬರೆದು ಗೋಡೆಗೆ ಹಚ್ಚಬೇಕು: ಬೆಳೆ ಪರಿಹಾರ, ಖಾತ್ರಿ ಕೂಲಿ, ಪಿಂಚಣಿ ಮೂರನ್ನೂ. ಕಾಲುವೆಯಲ್ಲಿ ಗೇಜನ್ನು ಮೇಲ್ಭಾಗದಲ್ಲಿ ನೋಡಿ ತೃಪ್ತಿಪಡುವ ಬದಲು ಕೊನೆಯ ಉಪಕಾಲುವೆಗೆ ನೀರು ಮುಟ್ಟಿದ ದಿನವನ್ನೇ ಹಂಗಾಮು ಶುರುವಾದ ದಿನ ಎಂದು ಎಣಿಸಬೇಕು. ಪರಿಹಾರದ ಪಟ್ಟಿ ಪಹಣಿಯನ್ನು ದಾಟಿ, ಬಿತ್ತಿದವನ ಮತ್ತು ಕಳೆ ತೆಗೆದವಳ ಹೆಸರನ್ನೂ ಒಳಗೊಳ್ಳಬೇಕು. ಗುಳೆ ಹೋದ ಕೂಸಿನ ಹೆಸರು ಅದರ ಜೊತೆಗೇ ಬೆಂಗಳೂರಿನ ಅಂಗನವಾಡಿಗೆ, ಟೆಂಟ್ ಶಾಲೆಗೆ ಹೋಗಬೇಕು. ಪಡಿತರ ಚೀಟಿ ಊರು ದಾಟಿ ನಡೆಯುವುದಾದರೆ ಅಂಗನವಾಡಿಯ ದಾಖಲೆ ಯಾಕೆ ನಡೆಯಬಾರದು?

ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಾಗಿಲ್ಲ, ಹೊಸ ಸಮಿತಿಯೂ ಬೇಕಾಗಿಲ್ಲ. ನಂಜುಂಡಪ್ಪ ವರದಿ ಬಂದು ಎರಡು ದಶಕ ದಾಟಿದೆ. ಅದನ್ನು ಓದಿದ ಅಧಿಕಾರಿಗಳು ನಿವೃತ್ತರಾಗಿದ್ದಾರೆ, ಆಗ ಹುಟ್ಟಿದ ಮಕ್ಕಳು ಈಗ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿದ್ದಾರೆ. ಒಂದು ಸೀಮೆಯನ್ನು ‘ದುರ್ಬಲ’ ಎಂದು ಕರೆಯುವ ಪ್ರತಿ ಕಡತದಲ್ಲಿ ಅದನ್ನು ಹಾಗೆ ಉಳಿಸಿದ್ದು ಯಾವ ನಿರ್ಧಾರ, ಯಾವ ತಡ, ಯಾರ ಪಾಲು ಯಾರಿಗೆ ಹೋಯಿತು ಎಂಬುದೂ ಪಕ್ಕದಲ್ಲೇ ಬರೆದಿರಬೇಕು. ಅಷ್ಟು ಬರೆಯಲು ಸಿದ್ಧವಿಲ್ಲದ ಆಡಳಿತಕ್ಕೆ ಆ ಪದ ಬಳಸುವ ಹಕ್ಕೂ ಇಲ್ಲ.